ಮೂರು ಮಳೆಗಾಲ ಕೊಡಿ

ಕೊಳ್ಳೇಗಾಲ, ಹನೂರು, ಯಳಂದೂರಿನ ಹುಡುಗ ಹುಡುಗಿಯರೇ, ನಿಮ್ಮಿಂದ ಮೂರು ಮಳೆಗಾಲ ಬೇಕಾಗಿದೆ.

ಸಸಿ ನೆಡೋಣ ಬನ್ನಿ ಎಂದು ವರ್ಷಕ್ಕೊಂದು ದಿನ ಕರೆಯುವವರು ಬೇಕಾದಷ್ಟು ಜನ ಇದ್ದಾರೆ. ನೀವು ಹೋಗಿದ್ದೀರಿ, ಗುಂಡಿಗೆ ಮಣ್ಣು ಎಳೆದಿದ್ದೀರಿ, ಬಿಂದಿಗೆಯಲ್ಲಿ ನೀರು ಹೊಯ್ದಿದ್ದೀರಿ. ಮಾರ್ಚ್ ತಿಂಗಳ ಬಿಸಿಲಿಗೆ ಆ ಸಸಿ ಏನಾಯಿತು ಎಂದು ಯಾರೂ ಬಂದು ನಿಮಗೆ ಹೇಳಲಿಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಭಾರವಾದದ್ದು. ನಿಮ್ಮೂರಿನ ಒಂದು ಕಟ್ಟೆ, ಕೆರೆಗೆ ನೀರು ತರುವ ಒಂದು ಹಳ್ಳ, ಹೊಳೆದಂಡೆಯ ನೂರು ಮಾರು ಜಾಗ, ಗುಡ್ಡದ ಒಂದು ಇಳಿಜಾರು, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಮೂರು ವರ್ಷ ಅದರ ಕೈ ಬಿಡಬೇಡಿ. ಅದು ನೆಟ್ಟಗಾಗುವ ತನಕ ಅದು ನಿಮ್ಮದೇ.

ಈ ಮೂರು ತಾಲ್ಲೂಕುಗಳು ಕಂದಾಯದ ಕಾಗದದಲ್ಲಿ ಬೇರೆ ಬೇರೆ. ನೀರಿಗೆ ಮಾತ್ರ ಒಂದೇ. ಬಿಳಿಗಿರಿರಂಗನ ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಕಡೆ ಯಳಂದೂರಿನ ಕೆರೆಗಳ ಕಡೆಗೆ, ಇನ್ನೊಂದು ಕಡೆ ಗುಂಡಾಲ್ ಜಲಾಶಯಕ್ಕೆ ಇಳಿಯುತ್ತದೆ. ಹಿರಿಯರು ಹೊನ್ನುಹೊಳೆ ಎನ್ನುವ ಸುವರ್ಣಾವತಿ ಚಾಮರಾಜನಗರದಿಂದ ಯಳಂದೂರಿಗೆ ಬಂದು, ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಗೆ ಕೂಡುತ್ತದೆ. ಆ ಕಾವೇರಿ ಭರಚುಕ್ಕಿಯಲ್ಲಿ ಧುಮುಕಿ, ಹನೂರಿನ ಕಾಡಂಚು ಸವರಿಕೊಂಡು ಹೊಗೇನಕಲ್ಲಿನತ್ತ ಸಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಪಾಲಾರ್ ಕೂಡ ಕೊನೆಗೆ ಸೇರುವುದು ಅದೇ ಕಾವೇರಿಗೆ, ಮೆಟ್ಟೂರಿನ ಹಿನ್ನೀರಿನ ಬಳಿ. ಬೆಂಗಳೂರಿನ ನಲ್ಲಿಗಳಿಗೆ ಹೋಗುವ ಕಾವೇರಿಯನ್ನು ಎತ್ತುವುದೂ ನಮ್ಮ ಶಿವನಸಮುದ್ರದ ಹತ್ತಿರದಿಂದಲೇ. ಯಳಂದೂರಿನ ಹುಡುಗಿಯೊಬ್ಬಳು ಕಾಲುವೆಯಿಂದ ಎತ್ತಿ ಹಾಕಿದ ಒಂದು ಪ್ಲಾಸ್ಟಿಕ್ ಚೀಲ ಎಷ್ಟು ಊರಿನವರ ಬಾಯಿಗೆ ಹೋಗುವ ನೀರಿನಿಂದ ತಪ್ಪಿತು ಎಂದು ಲೆಕ್ಕ ಹಾಕಿ ನೋಡಿ.

ಕಾಡೂ ಹಾಗೆಯೇ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟ ಕೈ ಹಿಡಿಯುವ ಜಾಗ ನಮ್ಮದು. ಬಿಳಿಗಿರಿರಂಗನಾಥ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿ ಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ವನ್ಯಜೀವಿ ಧಾಮ 1987ರದ್ದು, ಮಲೆ ಮಹದೇಶ್ವರ ವನ್ಯಜೀವಿ ಧಾಮ 2013ರದ್ದು. ಬಿಳಿಗಿರಿಯ ಕಾಡಿನಿಂದ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಾಡಿಗೆ ಆನೆಗಳು ದಾಟುವ ಎಡೆಯಾರಹಳ್ಳಿಯ ಕಿರಿದಾದ ದಾರಿಯನ್ನು ಉಳಿಸಲು ಅಲ್ಲಿ ಖಾಸಗಿ ಜಮೀನನ್ನೇ ಕೊಂಡು ಅರಣ್ಯಕ್ಕೆ ಸೇರಿಸಿದ್ದಾರೆ. ಹೊಲಗಳ ನಡುವೆ ಉಳಿದಿರುವ ಈ ಓಣಿಯನ್ನು ಎಷ್ಟೋ ಜನ ಬಸ್ಸಿನಲ್ಲಿ ದಿನವೂ ದಾಟಿ ಹೋಗುತ್ತಾರೆ, ಅದು ಏನೆಂದು ಗೊತ್ತಿಲ್ಲದೆ.

ಈಗ ಮೂರು ಮಳೆಗಾಲವೇ ಏಕೆ ಎನ್ನುವುದಕ್ಕೆ ಬರುತ್ತೇನೆ. ಅದಕ್ಕೆ ಲಂಟಾನದ ಕಥೆ ತಿಳಿದಿರಬೇಕು.

ಅಂದದ ಹೂವಿನ ಆಸೆಗೆ ಇನ್ನೂರು ವರ್ಷಗಳ ಹಿಂದೆ ಕಲ್ಕತ್ತೆಯ ತೋಟಕ್ಕೆ ತಂದಿಟ್ಟ ಅಮೆರಿಕದ ಗಿಡ ಇದು. ಇವತ್ತು ನಮ್ಮ ಬೆಟ್ಟಗಳಲ್ಲಿ ಆಳೆತ್ತರ ಬೆಳೆದು ನಿಂತಿದೆ. ಬಿಳಿಗಿರಿಯ ಕಾಡಿನಲ್ಲಿ ವಿಜ್ಞಾನಿಗಳು ಗುರುತು ಹಾಕಿಕೊಂಡು ನೋಡಿದ ಜಾಗಗಳ ಪೈಕಿ 1997ರಲ್ಲಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ರಲ್ಲಿ ಅವೇ ಜಾಗಗಳಿಗೆ ಮತ್ತೆ ಹೋದಾಗ ನೂರಕ್ಕೆ 80ರಷ್ಟರಲ್ಲಿ ಇತ್ತು. ಹನ್ನೊಂದು ವರ್ಷದಲ್ಲಿ ಎರಡರಷ್ಟು. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ, ನೆಲ್ಲಿಯ ಸಸಿ ಏಳುವುದಿಲ್ಲ, ದಿಂಡಿಗದ ಸಸಿ ಏಳುವುದಿಲ್ಲ. ಹುಲ್ಲಿಲ್ಲದ ಕಾಡಿನಲ್ಲಿ ಜಿಂಕೆಗೂ ಕಾಟಿಗೂ ಮೇವಿಲ್ಲ. ಹೊಟ್ಟೆ ತುಂಬದ ಆನೆಗೆ ಕಾಡಂಚಿನ ಜೋಳದ ಹೊಲ ಕಾಣುತ್ತದೆ. ಹನೂರಿನ ರೈತ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ತಮಟೆ ಬಡಿಯುವುದರ ಹಿಂದೆ ಇರುವ ಕಾರಣಗಳಲ್ಲಿ ಈ ಹೂಗಿಡವೂ ಒಂದು.

ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಿರಿಯರನ್ನು ಕೇಳಿದರೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ. ಹಿಂದೆ ಬೇಸಿಗೆಯ ಶುರುವಿನಲ್ಲಿ, ಹುಲ್ಲು ತರಗು ಮಾತ್ರ ಒಣಗಿರುವಾಗ, ಅವರು ತರಗು ಬೆಂಕಿ ಹಾಕುತ್ತಿದ್ದರು. ಅದು ನೆಲದ ಮೇಲೆ ತೆವಳಿ ಹೋಗುವ ಸಣ್ಣ ಬೆಂಕಿ. ಲಂಟಾನದ ಎಳೆಸಸಿ ಅದರಲ್ಲಿ ಸಾಯುತ್ತಿತ್ತು, ನೆಲ್ಲಿಮರವನ್ನು ಹೀರುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು, ಮಳೆ ಬಂದ ಮೇಲೆ ಹುಲ್ಲು ಚಿಗುರುತ್ತಿತ್ತು. ಕಾಡು ಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಅವರ ಮಾತನ್ನು ಬಹಳ ಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಸಂಶೋಧಕರು ಅದನ್ನು ಗಂಭೀರವಾಗಿ ಬರೆಯುತ್ತಿದ್ದಾರೆ. ಇದನ್ನು ಓದಿ ಯಾರೂ ಕಡ್ಡಿ ಗೀರಬೇಡಿ. ಇವತ್ತಿನ ಕಾಡಿನಲ್ಲಿ ಲಂಟಾನವೇ ಸೌದೆಯಾಗಿ ನಿಂತಿದೆ. ಅದಕ್ಕೆ ಹೊತ್ತಿದ ಬೆಂಕಿ ನೆಲದಲ್ಲಿ ಉಳಿಯದೆ ಮರದ ನೆತ್ತಿಗೇ ಏರುತ್ತದೆ, ಮತ್ತು ಅದು ಕಾನೂನಿನ ಪ್ರಕಾರ ಅಪರಾಧ. ನಾನು ಹೇಳುತ್ತಿರುವುದು ಇಷ್ಟು: ಕಾಡಿನ ಕೆಲಸ ಕಲಿಯಲು ಹೊರಟ ನಿಮಗೆ ಮೊದಲ ಗುರು ಸೋಲಿಗರ ಪೋಡಿನಲ್ಲಿರುವ ಅಜ್ಜ, ಅಜ್ಜಿ. ದೊಡ್ಡಸಂಪಿಗೆಯ ಮರಕ್ಕೆ ಕೈ ಮುಗಿದು, ಒಂದೊಂದು ಕಲ್ಲಿಗೂ ಹಳ್ಳಕ್ಕೂ ಹೆಸರಿಟ್ಟು ಬದುಕಿದವರು ಅವರು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅವರಿಗೆ, 2011ರಲ್ಲಿ. ಅವರ ಊರಿಗೆ ಪಾಠ ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಲು ಹೋಗಿ.

ಲಂಟಾನವನ್ನು ಸವರಿ ಹಾಕಿದರೆ ಬುಡದಿಂದ ಹತ್ತಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ತಂಡ ತೋರಿಸಿಕೊಟ್ಟ ಕ್ರಮ ಸರಳವಾಗಿದೆ. ಕಾಯಿ ಹಣ್ಣಾಗುವ ಮೊದಲು, ಮಣ್ಣಿನಿಂದ ಒಂದೆರಡು ಅಂಗುಲ ಕೆಳಗೆ, ಚಿಗುರು ಹೊಡೆಯುವ ಬುಡದ ಗಂಟಿಗೂ ಕೆಳಗೆ ತಾಯಿಬೇರನ್ನು ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ಬೇರು ಮೇಲಾಗುವಂತೆ ಬೋರಲು ಹಾಕಬೇಕು, ಮತ್ತೆ ಮಣ್ಣು ಹಿಡಿಯದೆ ಒಣಗುವಂತೆ. ಇದು ಮೊದಲ ವರ್ಷದ ಕೆಲಸ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಮುಳ್ಳು ಗೀರುತ್ತದೆ, ಸಂಜೆಗೆ ತೆರವಾದ ಜಾಗ ನೋಡಿ ಮನಸ್ಸು ತುಂಬುತ್ತದೆ. ಬಹುತೇಕ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಸೋಲುವುದೂ ಇಲ್ಲಿಯೇ. ಎರಡನೇ ಮಳೆಗೆ ಹಕ್ಕಿಗಳು ಉದುರಿಸಿದ ಬೀಜ, ಮಣ್ಣಿನಲ್ಲಿ ಕಾದು ಕೂತಿದ್ದ ಬೀಜ ಎಲ್ಲ ಮೊಳೆಯುತ್ತವೆ, ಅದರಲ್ಲೂ ಹಕ್ಕಿ ಕೂರುವ ಮರಗಳ ಕೆಳಗೆ. ಆಗ ಅವನ್ನು ಬೆರಳಿನಲ್ಲಿ ಕೀಳಬಹುದು. ಒಂದು ವರ್ಷ ಬಿಟ್ಟರೆ ಗುದ್ದಲಿ ಬೇಕು. ಎರಡು ವರ್ಷ ಬಿಟ್ಟರೆ ಮೊದಲಿನಿಂದ ಶುರು. ಕಿತ್ತ ಜಾಗದಲ್ಲಿ ಊರಿನ ಹುಲ್ಲಿನ ಬೀಜ ಚೆಲ್ಲಿ, ಅದು ನೆಲ ಮುಚ್ಚುವಂತೆ ಕಾಯಬೇಕು. ಮೂರನೇ ಮಳೆಗೆ ಹುಲ್ಲು ನಿಂತಿತೆಂದರೆ ಆ ನೆಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಅದಕ್ಕೇ ಮೂರು ಮಳೆಗಾಲ.

ಕಿತ್ತ ಲಂಟಾನ ದಂಡವೂ ಅಲ್ಲ. ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನೂ ಅದರಲ್ಲೇ ಕಟ್ಟಿದ್ದಾರೆ. ಬಿದಿರು ಮುಟ್ಟದೆ ಮನೆ ನಡೆಸುವ ದಾರಿ ಅದು. ಆ ಕೈಕೆಲಸಕ್ಕೆ ಮಾರುಕಟ್ಟೆ ಹುಡುಕುವುದು, ಅದರ ಫೋಟೊ ವಿಡಿಯೊ ನಾಲ್ಕು ಜನಕ್ಕೆ ತಲುಪಿಸುವುದು ನಿಮಗೆ ನೀರು ಕುಡಿದಷ್ಟು ಸುಲಭ. ಗುದ್ದಲಿ ಹಿಡಿಯಲಾಗದವರು ಇದನ್ನು ಹಿಡಿಯಿರಿ.

ಇನ್ನು ಮಾದಪ್ಪನ ದಾರಿ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಲಕ್ಷಾಂತರ ಜನ ಬೆಟ್ಟಕ್ಕೆ ಬರುತ್ತಾರೆ. ತಾಳಬೆಟ್ಟದಿಂದ ಮೇಲಕ್ಕೆ ಉಘೇ ಉಘೇ ಎಂದು ಕೂಗುತ್ತಾ ಕಾಲ್ನಡಿಗೆಯಲ್ಲಿ ಏರುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಕೊಡುವವರು ನಮ್ಮ ಊರುಗಳ ಯುವಕರೇ. ಸಂಬಳವಿಲ್ಲದೆ, ಹೆಸರು ಬರೆಸಿಕೊಳ್ಳದೆ, ರಾತ್ರಿ ಹಗಲು ನಿಂತು ಬಡಿಸುವುದು ಈ ನೆಲಕ್ಕೆ ಹೊಸದಲ್ಲ. ಆದರೆ ಜಾತ್ರೆ ಮುಗಿದ ಮಾರನೆಯ ದಿನ ಆ ದಾರಿ ನೋಡಿದ್ದೀರಾ? ಲೋಟ, ಬಾಟಲಿ, ಪೊಟ್ಟಣ. ಉಪ್ಪು, ಎಣ್ಣೆ, ಅನ್ನದ ವಾಸನೆ ಹತ್ತಿದ ಪ್ಲಾಸ್ಟಿಕ್ಕನ್ನು ಜಿಂಕೆ ತಿನ್ನುತ್ತದೆ, ಕಡವೆ ತಿನ್ನುತ್ತದೆ, ಆನೆಯೂ ತಿನ್ನುತ್ತದೆ. ಉಳಿದದ್ದು ಮೊದಲ ಮಳೆಗೆ ಹಳ್ಳಕ್ಕಿಳಿದು ಹೊಳೆ ಸೇರುತ್ತದೆ.

ಮಾದಪ್ಪನಿಗೆ ಸಲ್ಲುವ ಹರಕೆಗಳಲ್ಲಿ ರಜ ಹೊಡೆಯುವ ಸೇವೆ ಒಂದಿದೆ. ಉರುಳುಸೇವೆ, ಪಂಜಿನ ಸೇವೆ ಮಾಡುವವರ ಜೊತೆಯಲ್ಲೇ ಪೊರಕೆ ಹಿಡಿದು ಗುಡಿಯ ಸುತ್ತ ಕಸ ಗುಡಿಸುವವರು ಇರುತ್ತಾರೆ. ಗುಡಿಸುವುದನ್ನೇ ಪೂಜೆ ಮಾಡಿಕೊಂಡ ಕ್ಷೇತ್ರ ನಮ್ಮದು! ಆ ರಜ ಹೊಡೆಯುವ ಸೇವೆಯನ್ನು ಗುಡಿಯ ಅಂಗಳದಿಂದ ತಾಳಬೆಟ್ಟದವರೆಗೆ ಎಳೆಯಿರಿ ಎಂದು ನಿಮ್ಮನ್ನು ಬೇಡುತ್ತೇನೆ. ಪಾನಕ ಕೊಡುವ ತಂಡವೇ ಸ್ಟೀಲ್ ಲೋಟ ಇಡಲಿ, ತೊಳೆಯಲು ಇಬ್ಬರು ನಿಲ್ಲಲಿ, ಊಟಕ್ಕೆ ಎಲೆ ಹಾಕಲಿ. ಒಂದೊಂದು ಊರಿನ ಯುವಕರು ಒಂದೊಂದು ತಿರುವನ್ನು ತಮ್ಮದೆಂದು ಹಿಡಿದು ಜಾತ್ರೆಯ ಮೂರನೇ ದಿನದೊಳಗೆ ಗುಡಿಸಿ ಬಿಡಲಿ. ಇದಕ್ಕೆ ಯಾವ ಯೋಜನೆಯೂ ಬೇಡ, ಯಾರ ಭಾಷಣವೂ ಬೇಡ.

ಬರೆಯಲು ಕೈ ಕಂಪಿಸುವ ವಿಷಯವೊಂದಿದೆ. 2025ರ ಜೂನ್ 26ರಂದು ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಸತ್ತ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಇದೇ ಬೆಟ್ಟದ ಮೇಲೆ 2023ರಲ್ಲಿ 108 ಅಡಿ ಎತ್ತರದ ಹುಲಿವಾಹನ ಮಾದಪ್ಪನನ್ನು ನಿಲ್ಲಿಸಿ ಕೈ ಮುಗಿದಿದ್ದೇವೆ. ಆ ದೇವರ ವಾಹನ ಐದಾಗಿ ಸತ್ತು ಮಲಗಿದ್ದನ್ನು ನೋಡಿ ರಾಜ್ಯವೇ ಮರುಗಿತು, ಬೈಯಿತು, ಮರೆತೂ ಬಿಟ್ಟಿತು. ಅಲ್ಲಿಯೇ ಹುಟ್ಟಿ ಬೆಳೆದ ನಾವು ಮರೆಯುವಂತಿಲ್ಲ. ವಿಷ ಹಾಕಿದ್ದು ಘೋರ, ಅದಕ್ಕೆ ಶಿಕ್ಷೆ ಆಗಬೇಕು. ಆದರೆ ಹಸು ಕಳೆದುಕೊಂಡ ಮನೆಯ ಸಂಕಟವೂ ಸುಳ್ಳಲ್ಲ. ಹಾಲು ಮಾರಿ ಮಗಳ ಫೀಸು ಕಟ್ಟುವ ಮನೆಯಲ್ಲಿ ಹಸು ಸತ್ತರೆ ಆ ತಿಂಗಳೇ ನಿಂತುಹೋಗುತ್ತದೆ. ಪರಿಹಾರ ಇದೆ. ಅದಕ್ಕೆ ಅರ್ಜಿ ಬೇಕು, ಫೋಟೊ ಬೇಕು, ಪಶುವೈದ್ಯರ ವರದಿ ಬೇಕು, ವಲಯ ಕಚೇರಿಗೆ ಓಡಾಟ ಬೇಕು. ಓದು ಬರಹ ಬಾರದ ಅಜ್ಜನಿಗೆ ಇದೆಲ್ಲ ಬೆಟ್ಟ ಹತ್ತಿದಷ್ಟೇ ಕಷ್ಟ.

ಇಲ್ಲಿ ನಿಮ್ಮ ಕೆಲಸ ಇದೆ, ಮತ್ತು ನನ್ನ ಮಟ್ಟಿಗೆ ಇಡೀ ಕಾಡು ಉಳಿಸುವ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಕಾಡಂಚಿನ ಒಂದೊಂದು ಊರಿನಲ್ಲಿ ಇಬ್ಬರು ಮೂವರು ಓದಿದ ಮಕ್ಕಳು ಈ ಹೊಣೆ ಹೊರಿ. ಹಸು ಸತ್ತಿತು ಎಂಬ ಸುದ್ದಿ ಬಂದ ಗಳಿಗೆಯಲ್ಲಿ ಆ ಮನೆಗೆ ಹೋಗಿ. ಕಳೇಬರ ಮುಟ್ಟದಂತೆ ನೋಡಿಕೊಂಡು ಫೋಟೊ ತೆಗೆಯಿರಿ, ಅರಣ್ಯ ಸಿಬ್ಬಂದಿಗೆ ಅವತ್ತೇ ತಿಳಿಸಿ, ಅರ್ಜಿ ಬರೆದುಕೊಡಿ, ಹಣ ಕೈ ಸೇರುವ ತನಕ ಹಿಂದೆ ಬಿದ್ದು ವಿಚಾರಿಸಿ. ಸಿಟ್ಟು ವಿಷವಾಗುವುದಕ್ಕೆ ಮೊದಲು ಒಬ್ಬ ಓದಿದ ಹುಡುಗಿ ಆ ಮನೆಯ ಜಗಲಿಯ ಮೇಲೆ ಬಂದು ಕೂತರೆ ಸಾಕು, ಹುಲಿಯೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.

ಇದು ಕನಸಿನ ಮಾತು ಅನ್ನಿಸಿದರೆ ಗೋಪಿನಾಥಂಗೆ ಹೋಗಿ ಬನ್ನಿ. ನಿಮ್ಮಲ್ಲಿ ಬಹಳ ಜನ ಹುಟ್ಟುವ ಮೊದಲಿನ ಮಾತು. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು ಅದು. ಕಾಡು ಎಂದರೆ ಬಂದೂಕು ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆಂಧ್ರದವರು. ಅವರು ಊರಿನವರ ನಡುವೆ ಬದುಕಿದರು. ಔಷಧಿ ತಂದು ಕೊಟ್ಟರು, ಮನೆ ಕಟ್ಟಿಕೊಳ್ಳಲು ನೆರವಾದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಜನ ಕಾಡಿನ ಕಡೆಗೆ ತಿರುಗಿದರೆ ಮಾತ್ರ ಕಾಡು ಉಳಿದೀತು ಎಂದು ನಂಬಿದ್ದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದಾಗ, 1991ರ ನವೆಂಬರ್ 10ರಂದು ಅವರನ್ನು ಕೊಂದರು. ವಯಸ್ಸು 37. ಮರಣಾನಂತರ ಕೀರ್ತಿಚಕ್ರ ಬಂತು. ಅದಕ್ಕಿಂತ ದೊಡ್ಡದು ಗೋಪಿನಾಥಂನ ಜನ ಇವತ್ತಿಗೂ ಅವರಿಗೆ ಹೂ ಹಾಕಿ ನಮಸ್ಕರಿಸುವುದು. ಹೊರಗಿನಿಂದ ಬಂದ ಒಬ್ಬರು ನಮ್ಮ ಕಾಡಿಗೆ ಅಷ್ಟು ಕೊಟ್ಟು ಹೋದರು. ಇವತ್ತು ಆ ದಾರಿಯಲ್ಲಿ ಬಂದೂಕಿನ ಭಯವಿಲ್ಲ. ನಿಮ್ಮಿಂದ ಯಾರೂ ಪ್ರಾಣ ಕೇಳುತ್ತಿಲ್ಲ, ಭಾನುವಾರದ ಬೆಳಗುಗಳನ್ನು ಕೇಳುತ್ತಿದ್ದೇವೆ.

ಕಾಡು ದೂರವಿದೆ, ನಾವು ಪಟ್ಟಣದವರು ಎನ್ನುವ ಕೊಳ್ಳೇಗಾಲದ ಮಕ್ಕಳಿಗೆ ಕೆರೆಗಳಿವೆ. ದೊಡ್ಡರಂಗನಾಥನ ಕೆರೆ, ಚಿಕ್ಕರಂಗನಾಥನ ಕೆರೆಗಳ ಏರಿಯ ಮೇಲೆ ಒಂದು ಸಲ ಪೂರ್ತಿ ನಡೆದು ನೋಡಿ, ಮರಡಿಗುಡ್ಡ ಹತ್ತಿ ಊರು ನೋಡಿ. ಕೆರೆ ಎಂದರೆ ನಡುವಿನ ನೀರು ಮಾತ್ರವಲ್ಲ. ನೀರು ತರುವ ಕಾಲುವೆ, ಏರಿ, ತೂಬು, ಕೋಡಿ, ಇವು ನಾಲ್ಕೂ ಸರಿ ಇದ್ದರೆ ಕೆರೆ. ಹೂಳೆತ್ತುವುದು ಯಂತ್ರದ ಕೆಲಸ, ಸರ್ಕಾರದ ಹಣದ ಕೆಲಸ. ಅದಕ್ಕೆ ಒತ್ತಾಯ ಹಾಕಿ, ಆದರೆ ಅದಕ್ಕಾಗಿ ಕಾದು ಕೂರಬೇಡಿ. ಕೆರೆಗೆ ನೀರು ತರುವ ಕಾಲುವೆಯ ಬಾಯಲ್ಲಿ ಕಟ್ಟಿಕೊಂಡ ಪ್ಲಾಸ್ಟಿಕ್, ಜೊಂಡು, ಜಾಲಿಯ ಪೊದೆ ತೆಗೆಯಲು ಹತ್ತು ಜನ, ನಾಲ್ಕು ಗುದ್ದಲಿ, ಎರಡು ಬಾಣಲಿ ಸಾಕು. ಸಸಿ ನೆಡುವ ಹುರುಪಿನಲ್ಲಿ ಏರಿಯ ಮೇಲೆಯೇ ದೊಡ್ಡ ಮರ ಹಾಕಬೇಡಿ. ಬೇರು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಂಡು ಏರಿಯನ್ನೇ ಒಡೆಯುತ್ತದೆ. ಏರಿಗೆ ಹುಲ್ಲು, ಕೆರೆಯಂಚಿನ ಗಟ್ಟಿ ನೆಲಕ್ಕೆ ಹೊಂಗೆ, ನೇರಳೆ, ಅತ್ತಿ. ಹೊಳೆದಂಡೆಗೆ ಹೊಳೆಮತ್ತಿ. ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿಯವರು 2018, 2019ರಲ್ಲಿ ಕಾವೇರಿ ಮನೆಯೊಳಕ್ಕೆ ಬಂದದ್ದನ್ನು ಕಂಡವರು. ದಂಡೆಯ ಮಣ್ಣನ್ನು ಹಿಡಿದು ನಿಲ್ಲುವ ಬೇರು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಳೆಯಾಚೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕಾಮೇಗೌಡರು ಎಂಬ ಕುರಿಗಾಹಿ ಇದ್ದರು, 2022ರಲ್ಲಿ ತೀರಿಕೊಂಡರು. ಕುಂದಿನಿ ಬೆಟ್ಟದಲ್ಲಿ ಹಕ್ಕಿ ಪ್ರಾಣಿಗಳಿಗೆ ನೀರಿಲ್ಲದ್ದನ್ನು ನೋಡಿ ಕೋಲು, ಗುದ್ದಲಿ ಹಿಡಿದು ಕಟ್ಟೆ ತೋಡಲು ಕೂತರು. ಕುರಿ ಮಾರಿದ ದುಡ್ಡನ್ನೂ ಅದಕ್ಕೇ ಸುರಿದರು. ಡಜನ್ನಿಗಿಂತ ಹೆಚ್ಚು ಕಟ್ಟೆಗಳು ಮೇಲಿನಿಂದ ಕೆಳಕ್ಕೆ ಒಂದಕ್ಕೊಂದು ನೀರು ದಾಟಿಸುತ್ತಾ ನಿಂತವು. ಓದು ಬರಹವಿಲ್ಲದ ಒಬ್ಬ ಮುದುಕರು ಮಾಡಿದ್ದು ಇಷ್ಟು. ನೀವು ಒಂದು ಊರಿಗೆ ಹತ್ತು ಜನ ಇದ್ದೀರಿ.

ಎಲ್ಲಿಂದ ಶುರು ಮಾಡುವುದು? ಕಾಲೇಜಿನಲ್ಲಿದ್ದರೆ ರಾಷ್ಟ್ರೀಯ ಸೇವಾ ಯೋಜನೆಗೆ ಹೆಸರು ಕೊಡಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಅದರ ನಿಯಮ. ಆ ಗಂಟೆಗಳನ್ನು ಹತ್ತು ಕಡೆ ಚೆಲ್ಲದೆ ಒಂದೇ ಕೆರೆಗೆ ಕೊಡಿಸಿ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ, ನಿಮ್ಮ ಕಿರಿಯರು ಅದನ್ನೇ ಮುಂದುವರಿಸಲಿ. ಕಾಲೇಜು ಬಿಟ್ಟವರು ಗ್ರಾಮ ಪಂಚಾಯ್ತಿಗೆ ಹೋಗಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಲ್ಲಿದೆ, ಯಾರಿದ್ದಾರೆ ಎಂದು ವಿಚಾರಿಸಿ. 2002ರ ಜೀವವೈವಿಧ್ಯ ಕಾನೂನಿನ ಪ್ರಕಾರ ಅದು ಇರಲೇಬೇಕು. ಕಾಗದದಲ್ಲಿ ಮಲಗಿದ್ದರೆ ಎಬ್ಬಿಸುವವರು ನೀವೇ ಆಗಿ. ಕಾಡಿನೊಳಗಿನ ಯಾವ ಕೆಲಸಕ್ಕೂ ವಲಯ ಅರಣ್ಯಾಧಿಕಾರಿಯ ಅನುಮತಿ ಇಲ್ಲದೆ ಕಾಲಿಡಬೇಡಿ. ಕಾಡು ಬಲ್ಲ ಸೋಲಿಗ ವಾಚರ್ ಒಬ್ಬರಾದರೂ ಜೊತೆಗಿರಲಿ, ಬಿಸಿಲಿಳಿಯುವ ಮೊದಲು ಹೊರಗೆ ಬನ್ನಿ. ಬೆಂಗಳೂರಿನಲ್ಲಿ, ತಿರುಪ್ಪೂರಿನಲ್ಲಿ ದುಡಿಯುತ್ತಿರುವವರೇ, ನೀವು ಹಬ್ಬಕ್ಕೆ ಊರಿಗೆ ಬರುತ್ತೀರಿ. ಆ ಮೂರು ದಿನದಲ್ಲಿ ಅರ್ಧ ದಿನ ನಿಮ್ಮ ತಂಡಕ್ಕೆ ಕೊಡಿ, ಊರಲ್ಲಿರುವವರಿಗೆ ಗುದ್ದಲಿ, ಕೈಗವಸು, ಬೂಟು ಕೊಡಿಸಿ.

ಹುಡುಗಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮನೆಯಲ್ಲಿ ಕಳಿಸುವುದಿಲ್ಲ ಎನ್ನುತ್ತೀರಿ, ಗೊತ್ತಿದೆ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಸ್ತ್ರೀಶಕ್ತಿ ಸಂಘದ ಹತ್ತು ಹೆಂಗಸರು ಕಾಲುವೆಗೆ ಇಳಿದ ದಿನ ಊರಿನ ಯಾವ ಗಂಡಸೂ ಜಗಲಿಯ ಮೇಲೆ ಕೂತು ನೋಡುವ ಧೈರ್ಯ ಮಾಡುವುದಿಲ್ಲ.

ನಮ್ಮ ಕಡೆ ಮೇ ತಿಂಗಳಲ್ಲಿ ಮಳೆ ಶುರುವಾಗುತ್ತದೆ, ಆಮೇಲೆ ಜೋರಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾಲುವೆಯ ಬಾಯಿ ಬಿಡಿಸುವುದು ಮೇ ತಿಂಗಳ ಮೊದಲ ಮಳೆಗೆ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಆ ವರ್ಷದ ನೀರು ಹೊಲದ ಮೇಲೆ ಹರಿದು ಹೋಗುತ್ತದೆ. ಹಿಂಗಾರಿಗೆ ಮುಂಚೆ ಸಸಿಯ ಗುಂಡಿ ತೋಡಿಟ್ಟಿರಬೇಕು, ಜನವರಿಯಲ್ಲಿ ಅವಕ್ಕೆ ನೀರು ಹೊರಲು ಪಾಳಿ ಹಾಕಿಕೊಂಡಿರಬೇಕು. ಈ ಭಾನುವಾರ ಬೆಳಗ್ಗೆ ಆರು ಗಂಟೆಗೆ ನಿಮ್ಮೂರ ಕೆರೆಯ ತೂಬಿನ ಹತ್ತಿರ ನಿಂತು ಗೆಳೆಯರಿಗೆ ಫೋನ್ ಮಾಡಿ. ನೀವು ಆರಿಸಿಕೊಂಡ ಜಾಗ ಯಾವುದು, ಜೊತೆಗೆ ಯಾರು ಯಾರು ಬರುತ್ತಾರೆ?